ಕಯಾಕ್ ದೋಣಿಯ ಆಕಾರವೂ ವೇಗವೂ

ಭೋಜರಾಜಕೃತವೆಂದು ಪ್ರಸಿದ್ಧವಾದ ‘ಯುಕ್ತಿಕಲ್ಪತರು’ವಿನ ನೌಕಾಪ್ರಕರಣದಲ್ಲಿ ‘ಮಂಥರಾ’ ಎಂಬ ನೌಕೆಗೆ ಉದ್ದ 120, ಅಗಲ 60 ಎಂದೂ, ‘ವೇಗಿನೀ’ ಎಂಬುದಕ್ಕೆ ಉದ್ದ 176, ಅಗಲ 22 ಎಂದೂ ಮಾನವನ್ನು ಹೇಳಿದೆ. ಮೊದಲನೆಯದರಲ್ಲಿ ಉದ್ದವು ಅಗಲದ ಎರಡರಷ್ಟು, ಎರಡನೆಯದರಲ್ಲಿ ಎಂಟರಷ್ಟು. ಹೆಸರುಗಳು ಅನ್ವರ್ಥವೆಂದೇ ತೋರುತ್ತವೆ. ಆದರೆ ನೀಳವೂ ಕಿರಿದೂ ಆದ ಒಡಲೊಂದೇ ವೇಗಕ್ಕೆ ಸಾಕಾದ ಕಾರಣವೇ ಎಂಬುದು ವಿಚಾರಾರ್ಹವಾದುದು. ಒಬ್ಬನೇ ಕುಳಿತು ತನ್ನ ತೋಳ್ಬಲದಿಂದ ನಡೆಯಿಸುವ ಕಯಾಕ್ ದೋಣಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಕಯಾಕ್ ಎಂಬುದು ಉತ್ತರಧ್ರುವ ಪ್ರಾಂತದ ಇನ್ಯೂಟ್ ಜನರ ಶಬ್ದ. ಗ್ರೀನ್‌ಲೆಂಡಿನ ಬೇಟೆಗಾರರು ಕಡಲಿನಲ್ಲಿ ತೇಲಿಬಂದ ಮರದಿಂದ ಚೌಕಟ್ಟನ್ನು ಮಾಡಿ, ಸೀಲ್ ಪ್ರಾಣಿಯ ತೊಗಲನ್ನು ಹೊದಿಸಿ, ತಮ್ಮ ತಮ್ಮ ಮೈಯಳತೆಗೆ ಒಪ್ಪುವಂತೆ ಇದನ್ನು ಕಟ್ಟುತ್ತಿದ್ದರು. ಇದರ ಉದ್ದವು ಸುಮಾರು 5 ಮೀಟರು, ಅಗಲವು ಅರ್ಧ ಮೀಟರು.

ನೀರು ದೋಣಿಯನ್ನು ಮುಖ್ಯವಾಗಿ ಎರಡು ಬಗೆಯಿಂದ ತಡೆಯುವುದು. ಒಡಲಿಗೆ ನೀರು ಉಜ್ಜುವುದರಿಂದಾಗುವ ಘರ್ಷಣೆಯೊಂದು; ದೋಣಿಯು ತಾನೇ ಅಲೆಗಳನ್ನೆಬ್ಬಿಸುವುದರಿಂದಾಗುವ ಶಕ್ತಿವ್ಯಯವಿನ್ನೊಂದು. ಇಂಗ್ಲೆಂಡಿನ ವಿಲಿಯಂ ಫ್ರೂಡ್ (1810–1879) ಎಂಬ ವಿದ್ವಾಂಸನು 1870ರ ದಶಕದಲ್ಲಿ ಟಾರ್ಕಿಯ ತನ್ನ ಪರೀಕ್ಷಾಕೊಳದಲ್ಲಿ ಹಡಗಿನ ಮಾದರಿಗಳನ್ನೆಳೆದು ಇವೆರಡನ್ನು ಬೇರ್ಪಡಿಸಿ ಅಳೆದನು. ವೇಗವು ಹೆಚ್ಚಿದಂತೆಲ್ಲ ದೋಣಿಯೆಬ್ಬಿಸುವ ಅಲೆಯು ನೀಳವಾಗುತ್ತ ಕೊನೆಗೆ ದೋಣಿಯಷ್ಟೇ ಉದ್ದವಾಗುವುದು. ಆಗ ದೋಣಿಯು ತನ್ನ ಅಲೆಯ ಏರನ್ನೇ ತಾನು ಹತ್ತಬೇಕಾಗಿ, ಎಷ್ಟು ಹುಟ್ಟುಹಾಕಿದರೂ ವೇಗವು ಅಲ್ಪವಾಗಿಯೇ ಹೆಚ್ಚುವುದು. ನೀರಿನ ಮಟ್ಟದಲ್ಲಿ 4.9 ಮೀಟರು ಉದ್ದವುಳ್ಳ ದೋಣಿಗೆ ಈ ಎಲ್ಲೆಯು ಗಂಟೆಗೆ ಸುಮಾರು 10 ಕಿಲೋಮೀಟರು. ಉದ್ದವು ಹೆಚ್ಚಿದರೆ ಎಲ್ಲೆಯೂ ಹೆಚ್ಚುವುದು. ಒಡಲು ಕಿರಿದಾದರೆ ಅಲೆಯು ತಗ್ಗಾಗಿ ಎಲ್ಲೆಯ ಕಾಠಿಣ್ಯವು ಕುಗ್ಗುವುದು. ಆದರೆ ದೂರಪ್ರಯಾಣದಲ್ಲಿ ಸಾಧಾರಣ ನಾವಿಕನು ಈ ಎಲ್ಲೆಯ ಬಹಳ ಕೆಳಗೇ ಸಾಗುವನು. ಅಲ್ಲಿ ಘರ್ಷಣೆಯೇ ಪ್ರಧಾನ. ಅತಿದೀರ್ಘವಾದ ಒಡಲಿನಲ್ಲಿ ನೀರು ತಾಗುವ ಮೈ ಹೆಚ್ಚಾದುದರಿಂದ, ಅಂತಹ ದೀರ್ಘತೆಯು ಬಲಶಾಲಿಗೆ ಗುಣ, ಉಳಿದವರಿಗೆ ಭಾರ.

ಇದಿಷ್ಟೂ ನಿಶ್ಚಲಜಲದ ನ್ಯಾಯ. ಕಡಲಿನಲ್ಲಿ ಪಕ್ಕದಿಂದ ಅಲೆ ಬಡಿದರೆ ಕಿರಿದಾದ ದೋಣಿಯು ಹೊರಳುವುದು. ಮುನ್ನಡೆಸಬೇಕಾದ ಹುಟ್ಟು ಸಮತೋಲವನ್ನು ಕಾಯುವುದರಲ್ಲಿಯೇ ಸವೆಯುವುದು. ಎದುರಲೆಯಲ್ಲಿ ತೆಳ್ಳನೆಯ ಮುಂತುದಿಯು ಮುಳುಗಿ ಏಳುತ್ತ ವೇಗವನ್ನು ಕಳೆಯುವುದು. ಅಲ್ಯೂಷಿಯನ್ ದ್ವೀಪವಾಸಿಗಳ ದೋಣಿಯ ಮುಂತುದಿಯು ಇಬ್ಭಾಗವಾಗಿರುವುದು. ಕೆಳಭಾಗವು ನೀರನ್ನು ಸೀಳಲೆಂದೂ, ಮೇಲ್ಭಾಗವು ಅಲೆಯ ಮೇಲೆ ಎತ್ತಿಹಿಡಿಯಲೆಂದೂ ಅದನ್ನು ವಿವರಿಸುವುದುಂಟು. ಗ್ರೀನ್‌ಲೆಂಡಿನ ದೋಣಿಯ ತಗ್ಗಾದ ಮೇಲ್ಮೈಯು ಗಾಳಿಗೆ ಎಡೆಗೊಡದು. ಹಿಂದಿನಿಂದ ಬರುವ ಅಲೆಯಾದರೋ ಸಹಾಯಕ. ಅದರ ಇಳಿಜಾರಿನಲ್ಲಿ ಜಾರುವ ದೋಣಿಯು ಮೇಲೆ ಹೇಳಿದ ಎಲ್ಲೆಯನ್ನೂ ಕ್ಷಣಕಾಲ ಮೀರುವುದು. ಆದರೆ ಅಲ್ಲಿಯೇ ಅದು ಅಡ್ಡತಿರುಗುವ ಭಯವೂ ಉಂಟು. ತಿದ್ದಲು ಹಾಕಿದ ಹುಟ್ಟು ವೇಗಕ್ಕೆ ತಡೆಯಾಗುವುದು.

ಆದುದರಿಂದ ವೇಗವೆಂಬುದು ಒಡಲೊಂದರ ಧರ್ಮವಲ್ಲ. ಒಡಲು, ನೀರು, ನಾವಿಕನ ಬಲ ಈ ಮೂರರ ಸಂಬಂಧದಿಂದ ಹುಟ್ಟುವ ಫಲ. ‘ಯುಕ್ತಿಕಲ್ಪತರು’ವೂ ದೀರ್ಘವರ್ಗದಲ್ಲಿಯೇ ಲೋಲಾ, ಗಾಮಿನೀ, ಪ್ಲಾವಿನೀ ಎಂಬ ನೌಕೆಗಳನ್ನು ದುಃಖಪ್ರದಗಳೆಂದು ನಿಂದಿಸಿದೆ. ದೀರ್ಘತೆಯೊಂದನ್ನೇ ಗುಣವೆಂದು ಆ ಗ್ರಂಥವೂ ಬಗೆದಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.