ಕೆಸರಿನಲ್ಲಿ ಕೂಡಿ ಓಡುವ ಆಟ



ಕೆಸರಿಗೆ ತಮಿಳಿನಲ್ಲಿ ‘ಸೇರು’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ರಾಗಿ ಅಳೆಯುವ ಸೇರಿನಂತೆಯೋ, ‘ಬಂದು ಜೊತೆ ಸೇರು’ ಎಂದು ಕರೆದಂತೆಯೋ ಕೇಳಿಸುತ್ತದೆ. ಇಂದು ಹೇಳಹೊರಟಿರುವ ಆಟಕ್ಕೆ ಈ ಕರೆಯೂ ಒಪ್ಪುತ್ತದೆ. ನಾಲ್ಕೈದು ಜನ ಒಂದು ತಂಡವಾಗಿ ಕೆಸರಿನಲ್ಲಿ ಓಡಿ, ಮರದ ಗೋಡೆ ಹತ್ತಿ, ಬಲೆಯ ಕೆಳಗೆ ತೆವಳಿ, ಮೂಟೆ ಹೊತ್ತು ಗುರಿ ಮುಟ್ಟುವ ಅಡೆತಡೆಯ ಓಟ ಅದು.

ಕೆಸರು, ಸಗಣಿ ಎಂದರೆ ಮೂಗು ಮುರಿಯುವ ಜನ ನಾವಲ್ಲ. ದೀಪಾವಳಿ ಮುಗಿಯುತ್ತಲೇ ಗುಮಟಾಪುರದ ಗೊರೆಹಬ್ಬದಲ್ಲಿ ಸಗಣಿಯ ಉಂಡೆ ಎಸೆದಾಡುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆದರೆ ಪಣಕಹಳ್ಳಿಯೂ ಸೇರಿದಂತೆ ತಾಳವಾಡಿ ಸೀಮೆಯಲ್ಲಿ ನಾಟಿಯ ಗದ್ದೆಗಿಂತ ರಾಗಿ, ಜೋಳದ ಹೊಲಗಳೇ ಹೆಚ್ಚು. ಹಾಗಾಗಿ ಕೆಸರುಗದ್ದೆಯಲ್ಲಿ ಓಡುವ ವಿದ್ಯೆಯನ್ನು ನಾವು ನೋಡಿ ಕಲಿಯಬೇಕಾದದ್ದು ಕೊಡಗಿನವರಿಂದ.

ಅಲ್ಲಿ ಇದು ನಿನ್ನೆ ಮೊನ್ನೆಯ ಆಟವಲ್ಲ. 1870ರಲ್ಲಿ ರಿಕ್ಟರ್ ಎಂಬ ಪಾದ್ರಿಯವರು ಕೊಡಗಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ವರ್ಣನೆಯಿದೆ. ಮನೆಯ ದೊಡ್ಡ ಗದ್ದೆಯ ನಾಟಿ ಮುಗಿಯುವ ಮೊದಲು, ಗದ್ದೆಯ ಉದ್ದಕ್ಕೂ ಸುಮಾರು ಹತ್ತು ಅಡಿ ಅಗಲದ ಜಾಗವನ್ನು ಪೈರು ನೆಡದೆ ಬಿಡುತ್ತಿದ್ದರು. ಅದೇ ಓಟದ ದಾರಿ. ಕೆಲಸಕ್ಕೆ ಬಂದ ಗಂಡಸರೆಲ್ಲ ಮಂಡಿಯುದ್ದ ಕೆಸರಿನಲ್ಲಿ ಬಿದ್ದು ಎದ್ದು ಆಚೆ ಬದುವಿಗೆ ಓಡಬೇಕು. ಮೊದಲು ಮುಟ್ಟಿದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ, ಮೂರನೆಯವನಿಗೆ ಹಲಸಿನಹಣ್ಣು, ನಾಲ್ಕನೆಯವನಿಗೆ ಒಂದು ಬುಟ್ಟಿ ಕಿತ್ತಳೆ, ಐದನೆಯವನಿಗೆ ಅರಳು. ಐದನೆಯವನೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ ನೋಡಿ. ಈಗಿನ ಪಂದ್ಯಗಳಲ್ಲಿ ಮೂರಕ್ಕೇ ಬಹುಮಾನ ನಿಲ್ಲಿಸುವವರು ಇದನ್ನು ಗಮನಿಸಬಹುದು. ಇಂದಿಗೂ ಮಳೆಗಾಲದಲ್ಲಿ ಕೊಡಗಿನ ಊರೂರುಗಳಲ್ಲಿ ಕೆಸರುಗದ್ದೆ ಕ್ರೀಡಾಕೂಟ ನಡೆಯುತ್ತದೆ. ಓಟ, ಹಗ್ಗಜಗ್ಗಾಟ, ವಾಲಿಬಾಲ್, ಎಲ್ಲವೂ ಕೆಸರಿನಲ್ಲೇ. ಹೆಂಗಸರ ತಂಡಗಳೂ ಇಳಿಯುತ್ತವೆ.

ಗೋಡೆ, ಬಲೆ ಮುಂತಾದ ಅಡ್ಡಿಗಳನ್ನು ಇಟ್ಟು ಓಡಿಸುವ ಬಗೆ ಹೊರದೇಶದ್ದು. 1987ರಲ್ಲಿ ಇಂಗ್ಲೆಂಡಿನ ಒಂದು ತೋಟದಲ್ಲಿ ‘ಟಫ್ ಗೈ’ ಎಂಬ ಓಟ ಶುರುವಾಯಿತು. 2010ರಲ್ಲಿ ಅಮೆರಿಕದಲ್ಲಿ ‘ಟಫ್ ಮಡ್ಡರ್’ ಬಂತು. ಸುಮಾರು 16 ಕಿಲೋಮೀಟರ್ ದಾರಿ, ಇಪ್ಪತ್ತಕ್ಕೂ ಹೆಚ್ಚು ಅಡ್ಡಿಗಳು. ಅಲ್ಲಿ ಹೊತ್ತಿನ ಲೆಕ್ಕಕ್ಕಿಂತ ಜೊತೆಗಾರನಿಗೆ ನೆರವಾಗುವುದೇ ಮುಖ್ಯವೆಂದು ಓಡುವ ಮೊದಲು ಎಲ್ಲರಿಂದಲೂ ಮಾತು ತೆಗೆದುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ‘ಡೆವಿಲ್ಸ್ ಸರ್ಕ್ಯೂಟ್’ ಎಂಬ ಇದೇ ಬಗೆಯ ಓಟ ಬೆಂಗಳೂರಿನಲ್ಲೂ ನಡೆದಿದೆ.

ಇನ್ನು ಕೆಸರಿನ ಗುಣವನ್ನು ನೋಡೋಣ. ಗದ್ದೆಗೆ ನೀರು ನಿಲ್ಲಿಸಿ ಮತ್ತೆ ಮತ್ತೆ ಉತ್ತಾಗ ಮೇಲಿನ ಮಣ್ಣು ಬೆಣ್ಣೆಯಂತೆ ಆಗುತ್ತದೆ, ಅದರ ಕೆಳಗೆ ನೇಗಿಲು ಮುಟ್ಟದ ಕಡೆ ಮಣ್ಣು ಗಟ್ಟಿಯಾಗಿ ಕೂರುತ್ತದೆ. ಓಡುವವನ ಕಾಲಿಗೆ ಆಸರೆ ಆ ಗಟ್ಟಿ ನೆಲವೇ. ಕೆರೆಯ ಹೂಳಿನಲ್ಲಿ ಹಾಗಲ್ಲ. ಅಲ್ಲಿ ತಳ ಎಲ್ಲಿದೆಯೆಂದು ಹೇಳಲಾಗದು, ಮಣ್ಣು ತೆಗೆದ ಗುಂಡಿಗಳೂ ಇರುತ್ತವೆ. ಗದ್ದೆ ಇಲ್ಲವೆಂದು ಕೆರೆಯಂಗಳದಲ್ಲಿ ಈ ಆಟ ಇಟ್ಟುಕೊಳ್ಳಲೇಬಾರದು. ಒಂದು ಹೊಲವನ್ನೇ ಉತ್ತು, ನೀರು ಬಿಟ್ಟು, ಹಲಗೆ ಎಳೆದು ಸಮ ಮಾಡಿಕೊಳ್ಳುವುದು ಲೇಸು. ಆಮೇಲೆ ನಾಲ್ಕು ಜನ ಸಾಲಾಗಿ ನಿಂತು ಕೈಯಿಂದ ತಡಕುತ್ತಾ ಕಲ್ಲು, ಮುಳ್ಳು, ಗಾಜಿನ ಚೂರುಗಳನ್ನು ಹೆಕ್ಕಬೇಕು. ಬೇಸರದ ಕೆಲಸವೇ ಸರಿ. ಆದರೂ ಬರಿಗಾಲಿನಲ್ಲಿ ಓಡುವ ಮಕ್ಕಳನ್ನು ನೆನೆದು ಮಾಡಿ.

ಕೆಸರಿನಲ್ಲಿ ಕಾಲು ಹೂತರೆ ನೇರವಾಗಿ ಮೇಲಕ್ಕೆ ಕಿತ್ತುಕೊಳ್ಳಲು ಹೋಗಬೇಡಿ. ಪಾದದ ಅಡಿಗೆ ಗಾಳಿಯಾಗಲಿ ನೀರಾಗಲಿ ಬೇಗ ನುಗ್ಗಲಾರದು, ಆದ್ದರಿಂದ ಕೆಸರು ಕಾಲನ್ನು ಕೆಳಗೇ ಹಿಡಿದುಕೊಳ್ಳುತ್ತದೆ. ಮೊದಲು ಹಿಮ್ಮಡಿ ಎತ್ತಿ, ಪಾದವನ್ನು ಅತ್ತಿತ್ತ ಒಮ್ಮೆ ಅಲುಗಿಸಿದರೆ ಸಂದು ಬಿಟ್ಟುಕೊಂಡು ಕಾಲು ಸುಲಭವಾಗಿ ಬರುತ್ತದೆ. ಗದ್ದೆಯಲ್ಲಿ ನಾಟಿ ಹಾಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓಡುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಎತ್ತರಕ್ಕೆ ಬರಲಿ, ಮೈ ಸ್ವಲ್ಪ ಮುಂದಕ್ಕೆ ಬಾಗಿರಲಿ. ಉದ್ದ ಹೆಜ್ಜೆ ಇಟ್ಟವನು ಮೊದಲು ಬೀಳುತ್ತಾನೆ. ನಿಂತು ದಣಿವಾರಿಸಿಕೊಳ್ಳುವುದೂ ಬೇಡ, ನಿಂತಷ್ಟೂ ಕಾಲು ಇಳಿಯುತ್ತದೆ.

ಇಷ್ಟೆಲ್ಲ ಒಬ್ಬನ ಮಾತಾಯಿತು. ತಂಡದ ಓಟದ ಲೆಕ್ಕವೇ ಬೇರೆ. ಸಾಮಾನ್ಯವಾಗಿ ತಂಡದ ಕೊನೆಯವನು ಗೆರೆ ದಾಟಿದ ಹೊತ್ತನ್ನೇ ತಂಡದ ಹೊತ್ತೆಂದು ಬರೆದುಕೊಳ್ಳುತ್ತಾರೆ. ಊರಿಗೇ ಮೊದಲಿಗನಾದ ಓಟಗಾರ ಒಬ್ಬನೇ ಮುಂದೆ ಹೋಗಿ ನಿಂತರೆ ಏನೂ ದಕ್ಕುವುದಿಲ್ಲ. ನಿಧಾನದವನನ್ನು ಹಿಂದೆ ಬಿಡದೆ ಎರಡನೆಯವನಾಗಿ ಇಟ್ಟುಕೊಳ್ಳಿ. ಮುಂದಿನವನು ತುಳಿದ ಜಾಗ ಅವನಿಗೆ ಕಾಣುತ್ತದೆ, ಹಿಂದಿನವರ ಕೈ ಬೆನ್ನಿಗೆ ಸಿಗುತ್ತದೆ.

ಗೋಡೆಯ ಹತ್ತಿರ ಜಾಣತನ ಇನ್ನೂ ಹೆಚ್ಚು ಬೇಕು. ಗಟ್ಟಿ ಆಳೊಬ್ಬ ಗೋಡೆಗೆ ಬೆನ್ನು ಕೊಟ್ಟು, ಮಂಡಿ ಬಾಗಿಸಿ, ಅಂಗೈ ಹೆಣೆದು ಮೆಟ್ಟಿಲಾಗುತ್ತಾನೆ. ತೋಳಿನ ಬಲವಿರುವ ಇನ್ನೊಬ್ಬ ಮೊದಲು ಹತ್ತಿ ಮೇಲೆ ಕುಳಿತು ಉಳಿದವರನ್ನು ಎಳೆದುಕೊಳ್ಳುತ್ತಾನೆ. ಕೊನೆಗೆ ಕೆಳಗೆ ಉಳಿಯುವವನು ಯಾರೆಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಮೈ ಹಗುರ, ನೆಗೆತ ಚೆನ್ನಾಗಿರುವವನೇ ಆಗಲಿ. ಕೆಸರಿನ ಕೈಗೆ ಅಂಗೈ ಕೊಟ್ಟರೆ ಜಾರುತ್ತದೆ. ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿಯಬೇಕು, ಬೆರಳು ಹಿಡಿದು ಎಳೆಯಲೇಬಾರದು. ಹಗ್ಗಜಗ್ಗಾಟವಿದ್ದರೆ ಹಗ್ಗವನ್ನು ಕೈಗೋ ಸೊಂಟಕ್ಕೋ ಸುತ್ತಿಕೊಳ್ಳಬೇಡಿ. 1997ರಲ್ಲಿ ತೈವಾನಿನ ತೈಪೆ ನಗರದಲ್ಲಿ ಸಾವಿರಕ್ಕೂ ಹೆಚ್ಚು ಜನ ಎಳೆಯುತ್ತಿದ್ದ ಹಗ್ಗ ಹರಿದು, ಇಬ್ಬರ ತೋಳುಗಳೇ ಕಿತ್ತುಬಂದಿದ್ದವು.

ನೀರಿನ ಅಡ್ಡಿಯ ವಿಷಯದಲ್ಲಿ ನಾನು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಟಫ್ ಮಡ್ಡರ್ ಓಟದಲ್ಲಿ 28 ವರ್ಷದ ಯುವಕನೊಬ್ಬ ಎತ್ತರದ ಹಲಗೆಯಿಂದ ಕೆಸರುನೀರಿಗೆ ಹಾರಿ ಮೇಲೆ ಬರಲಿಲ್ಲ. ಹೊರಗೆ ತೆಗೆದು ಆಸ್ಪತ್ರೆಗೆ ಸಾಗಿಸಿದರೂ ಮರುದಿನ ತೀರಿಕೊಂಡ. ತಿಳಿನೀರಾದರೆ ಮುಳುಗಿದವನು ಕಣ್ಣಿಗೆ ಬೀಳುತ್ತಾನೆ, ಕದಡಿದ ನೀರಿನಲ್ಲಿ ಒಂದು ಮೊಳ ಕೆಳಗಿದ್ದರೂ ಕಾಣುವುದಿಲ್ಲ. ಆದ್ದರಿಂದ ಒಬ್ಬ ಹಾರಿ, ಎದ್ದು, ಬದುವಿಗೆ ಬಂದ ಮೇಲೆಯೇ ಇನ್ನೊಬ್ಬ ಹಾರಲಿ. ದಡ ಸೇರಿದ ತಂಡ ತಲೆ ಎಣಿಸದೆ ಮುಂದಕ್ಕೆ ಓಡಬಾರದು. ಊರಿನಲ್ಲಿ ನಾವೇ ಏರ್ಪಡಿಸುವ ಓಟಕ್ಕೆ ಹಾರುವ ಗುಂಡಿ ಬೇಡವೇ ಬೇಡ, ಮಂಡಿಯುದ್ದದ ಕೆಸರೇ ಸಾಕಷ್ಟು ದಣಿಸುತ್ತದೆ.

ಬಾಯಿ ಮುಚ್ಚಿ ತೆವಳಿ ಎಂದರೆ ಹುಡುಗರು ನಗುತ್ತಾರೆ. 2012ರಲ್ಲಿ ಅಮೆರಿಕದ ನೆವಾಡದಲ್ಲಿ ದನ ಸಾಕುವ ಜಾಗದಲ್ಲಿ ಇಂಥ ಓಟ ನಡೆದು, ಓಡಿದವರಲ್ಲಿ 22 ಮಂದಿಗೆ ಭೇದಿಯ ಕಾಯಿಲೆ ಬಂತು. ವಿಚಾರಿಸಿದಾಗ, ಕೆಸರುನೀರು ನುಂಗಿದವರಿಗೇ ಅದು ಹೆಚ್ಚಾಗಿ ತಗುಲಿದ್ದು ಗೊತ್ತಾಯಿತು. ದನ ಕಟ್ಟುವ ಹಟ್ಟಿಯ ನೀರು ಹರಿದುಬರುವ ಹೊಲವನ್ನು ಆಟಕ್ಕೆ ಆರಿಸಬೇಡಿ.

ಕಾಲಿನಲ್ಲಿ ಗಾಯವಿದ್ದವರು ಆ ಸಲ ಬದುವಿನ ಮೇಲೆ ನಿಂತು ಕೂಗು ಹಾಕಿದರೆ ಸಾಕು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ಓಟಕ್ಕೆ ಮೊದಲೇ ಮತ್ತೆ ಹಾಕಿಸಿಕೊಳ್ಳಿ. ಓಟ ಮುಗಿದ ಮೇಲೆ ಸೋಪು ಹಚ್ಚಿ ತೊಳೆದು, ತರಚಿದ ಕಡೆಯೆಲ್ಲ ನೋಡಿಕೊಳ್ಳಿ. ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ, ಗಾಯದ ಮೂಲಕ ಮೈ ಸೇರುವ ಇಲಿಜ್ವರ ಆಟದ ದಿನವೇ ಕಾಣಿಸಿಕೊಳ್ಳುವುದಿಲ್ಲ. ಒಂದೆರಡು ವಾರ ಕಳೆದು, ಕೆಸರಿನ ನೆನಪೇ ಮಾಸಿದ ಹೊತ್ತಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಶುರುವಾಗುತ್ತದೆ. ಬೇಗ ಗುರುತಿಸಿದರೆ ಔಷಧಿಗೆ ಬಗ್ಗುತ್ತದೆ, ತಡವಾದರೆ ಮೂತ್ರಪಿಂಡ, ಪಿತ್ತಜನಕಾಂಗಗಳಿಗೆ ಇಳಿಯುತ್ತದೆ. ಕೆಸರಿಗೆ ಇಳಿದಿದ್ದ ಸಂಗತಿಯನ್ನು ನಾವು ಹೇಳದೆ ವೈದ್ಯರಿಗೆ ಹೊಳೆಯುವುದು ಕಷ್ಟ. ಚಾಮರಾಜನಗರದ ಕಡೆ ಹೋದರೆ ಕನ್ನಡದಲ್ಲೇ ಹೇಳಬಹುದು. ಸತ್ಯಮಂಗಲಕ್ಕೆ ಇಳಿದರೆ ‘ಸೇತ್ತುಲ ಓಡಿನೇನ್’ ಎನ್ನಿ, ಎಷ್ಟು ದಿನದ ಹಿಂದೆ ಎಂಬುದನ್ನೂ ಸೇರಿಸಿ ಹೇಳಿ.