ಕೆರೆಯ ತಳದ ಕೆಂಪು ಗೋಡು

ನಮ್ಮ ಶಾಲೆಯ ಕೈಪಂಪಿನ ನೀರು ಹೊಡೆದಾಗ ತಿಳಿಯಾಗಿರುತ್ತದೆ. ಕೊಡದಲ್ಲಿ ಒಂದಿರುಳು ಕಳೆದರೆ ತಳದಲ್ಲಿ ಕೆಂಪು ಗಸಿ. ಎಲ್ಲಿಂದ ಬಂತೆಂದು ಮಕ್ಕಳು ಕೇಳುವುದುಂಟು. ನೀರಿನಲ್ಲಿ ಕರಗಿದ್ದ ಕಬ್ಬಿಣವು ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ತುಕ್ಕಾಗಿ ಇಳಿದಿದೆ, ಅಷ್ಟೆ. ಇದೇ ಕ್ರಿಯೆಯು ಗಣಿಯ ಕೆಳಗಿನ ಕೆರೆಗಳಲ್ಲಿ ಮೇಲಕ್ಕೂ ಕೆಳಕ್ಕೂ ನಡೆಯುತ್ತಿರುತ್ತದೆ.

ಮದ್ದಿಕೇರದ ಪಡುವಣಕ್ಕೆ ಬಳ್ಳಾರಿ, ಅದರಾಚೆ ಸಂಡೂರು. ನಮ್ಮ ಅನೇಕ ಮನೆಗಳ ಬೀಗರು ಆ ಸೀಮೆಯವರು. ಅಲ್ಲಿನ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿವೆ. ಗಣಿಗಳ ಸಡಿಲ ಮಣ್ಣು ಮಳೆನೀರಿನೊಡನೆ ನಾರಿಹಳ್ಳವನ್ನು ಸೇರಿ ತಾರಾನಗರದ ಜಲಾಶಯದಲ್ಲಿ ತಂಗುತ್ತ ಬಂದಿತು. ಹಳ್ಳವು ಮುಂದೆ ದರೋಜಿ ಕೆರೆಗೆ ಹರಿಯುತ್ತದೆ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಅನಂತರ ನಿಬಂಧನೆಗಳೊಡನೆ ಅದು ಪುನಃ ಆರಂಭವಾಯಿತು. ತಳಕ್ಕಿಳಿದ ಲೋಹವಾದರೋ ಯಾರ ಆಜ್ಞೆಗೂ ಕಾಯುವುದಿಲ್ಲ.

ಎಲೆ, ಪಾಚಿ, ಸಗಣಿ ಕೊಳೆಯುವಾಗ ತಳದ ನೀರಿನ ಆಮ್ಲಜನಕ ಮುಗಿಯುತ್ತದೆ. ಆಗ ಕೆಲವು ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ತುಕ್ಕನ್ನೇ ಉಸಿರಾಟಕ್ಕೆ ಬಳಸುತ್ತವೆ. ಮೊದಲು ಮ್ಯಾಂಗನೀಸ್, ಬಳಿಕ ಕಬ್ಬಿಣ ಕರಗಿ ಮೇಲೇರುತ್ತದೆ. ಗಾಳಿಯುಂಡ ನೀರನ್ನು ಕಂಡೊಡನೆ ಕಬ್ಬಿಣವು ಮತ್ತೆ ತುಕ್ಕಾಗಿ ಇಳಿಯುತ್ತದೆ, ಮ್ಯಾಂಗನೀಸ್ ನಿಧಾನಿಸುತ್ತದೆ. ಇಳಿಯುವ ತುಕ್ಕು ರಂಜಕ, ಸತು, ಆರ್ಸೆನಿಕ್‌ಗಳನ್ನು ಅಂಟಿಸಿಕೊಂಡು ಇಳಿಯುತ್ತದೆ. ಕರಗುವಾಗ ಅವನ್ನು ಬಿಟ್ಟುಕೊಡುತ್ತದೆ. ಆದುದರಿಂದ ಮೇಲಿನ ತಿಳಿನೀರನ್ನು ನೋಡಿ ಕೆರೆ ಶುದ್ಧವಾಯಿತೆನ್ನಲಾಗದು.

ಕೆಂಪು ನೀರೆಲ್ಲ ಆಮ್ಲವೆಂದು ಕೆಲವರು ಹೆದರುತ್ತಾರೆ. ಅದು ಸರಿಯಲ್ಲ. ಸಂಡೂರಿನ ಅದಿರು ಬಹುಪಾಲು ಆಕ್ಸೈಡ್. ಆಮ್ಲ ಹುಟ್ಟಲು ಗಂಧಕ ಬೆರೆತ ಅದಿರು ಬೇಕು. ಚಿತ್ರದುರ್ಗದ ಬಳಿ ಇಂಗಳದಾಳಿನಲ್ಲಿ ಹಿಂದೆ ತೆಗೆದ ತಾಮ್ರದ ಅದಿರು ಅಂಥದು. ಅಂಥ ಗಣಿಯ ನೀರು ನಿಂತ ಕೆರೆಯ ತಳದಲ್ಲಿ ಗಂಧಕವು ತಾಮ್ರ, ಸತುಗಳನ್ನು ಕಪ್ಪು ಕೆಸರಿನಲ್ಲಿ ಕಟ್ಟಿಹಾಕಿರುತ್ತದೆ. ಬೇಸಗೆಯಲ್ಲಿ ಕೆರೆ ಬತ್ತಿ ಬಿರಿದರೆ ಗಾಳಿ ತಗುಲಿ ಆ ಕಟ್ಟು ಬಿಚ್ಚುತ್ತದೆ.

ರೈತರು ಗೋಡು ಹೊಡೆಯುವುದೂ ಅದೇ ಬೇಸಗೆಯಲ್ಲಿಯೇ! ಒಳ್ಳೆಯ ಕೆರೆಯ ಗೋಡು ಹೊಲಕ್ಕೆ ಉತ್ತಮ ಗೊಬ್ಬರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಗಣಿಯ ಕೆಳಗಿನ ಕೆರೆಯದಾದರೆ ಮೊದಲು ಪರೀಕ್ಷೆಯಾಗಬೇಕು. ಮಣ್ಣು ಆರೋಗ್ಯ ಚೀಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರಗಳ ಲೆಕ್ಕವಿರುತ್ತದೆ, ಆರ್ಸೆನಿಕ್, ಸೀಸಗಳದಿಲ್ಲ. ಅವನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿ ಕೇಳಿ ಮಾಡಿಸಬೇಕು.

ಸಂಡೂರಿನ ಕಡೆಯ ನಮ್ಮ ಬೀಗರೊಬ್ಬರಿಗೆ ಇದನ್ನೇ ಹೇಳಿದೆವು. ಅವರು ತರಿಸಿದ ಎರಡು ಗಾಡಿ ಗೋಡು ಈಗ ಹೊಲದ ಬದುವಿನಾಚೆ ರಾಶಿಯಾಗಿ ಬಿದ್ದಿದೆ. ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ.