ಅಪ್ಪ ಗೋಡೆಗೆ ಹೇಳಿದ್ದೇನು?

‘ಅಲ್ಲೇನಿದೆ ಅಂತ ಅಷ್ಟು ದೂರ ಹೋಗೋದು?’

ಇದು ನಮ್ಮಪ್ಪನ ಖಾಯಂ ಡೈಲಾಗ್. ಮೈಸೂರು ಅಂದ್ರೂ ಇದೇ, ಗೋವಾ ಅಂದ್ರೂ ಇದೇ. ಹಾಗಂತ ಅಪ್ಪ ಮನೆ ಬಿಟ್ಟು ಕದಲದವನೇನಲ್ಲ. ವರ್ಷಕ್ಕೊಮ್ಮೆ ಧರ್ಮಸ್ಥಳ, ಹೊರನಾಡು, ಶೃಂಗೇರಿ ಆಗಲೇಬೇಕು. ಅದೇ ದಾರಿ, ಅದೇ ಹೋಟೆಲು, ಅದೇ ಇಡ್ಲಿ. ಬರುವಾಗ ಅದೇ ಅಂಗಡಿಯಲ್ಲಿ ಅದೇ ಬಾಳೆಕಾಯಿ ಚಿಪ್ಸ್. ಮದುವೆಯಾಗಿ 23 ವರ್ಷವಾದರೂ ಅಮ್ಮ ನೋಡಿದ ಊರುಗಳನ್ನು ಎಣಿಸಲು ಎರಡು ಕೈಯ ಬೆರಳುಗಳೇ ಜಾಸ್ತಿ.

ಅಮ್ಮನಿಗೆ ಒಂದೇ ಒಂದು ಆಸೆಯಿತ್ತು. ಗೋಲಗುಂಬಜ್ ನೋಡಬೇಕು. ಶಾಲೆಯ ಪುಸ್ತಕದಲ್ಲಿ ಅದರ ಚಿತ್ರವಿತ್ತಂತೆ. ‘ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ಗೋಡೆಗೆ ಕಿವಿ ಕೊಟ್ಟವರಿಗೆ ಕೇಳುತ್ತೆ’ ಅಂತ ಮೇಷ್ಟ್ರು ಹೇಳಿದ್ದರಂತೆ. ಮುಂದಿನ ವರ್ಷ ಶಾಲೆಯಿಂದ ಅಲ್ಲಿಗೇ ಪ್ರವಾಸ ಹೊರಟಾಗ ನಮ್ಮ ತಾತ ‘ಹೆಣ್ಣುಮಕ್ಕಳಿಗೆ ಯಾಕೆ’ ಅಂತ ಕಳಿಸಲಿಲ್ಲ. ಅಮ್ಮ ಇದನ್ನು ನಗುತ್ತಲೇ ಹೇಳುತ್ತಾಳೆ. ಆದರೆ ಪ್ರತಿ ವರ್ಷ ಒಮ್ಮೆಯಾದರೂ ಹೇಳುತ್ತಾಳೆ.

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ದಾವಣಗೆರೆಯ ಹಾಸ್ಟೆಲಿನಿಂದ ಬುಕ್ಕಾಂಬುಧಿಗೆ ಬಂದಾಗ, ಈ ಸಲ ಅಪ್ಪನನ್ನು ಒಪ್ಪಿಸಿಯೇ ಸಿದ್ಧ ಅಂತ ನಾನು ತೀರ್ಮಾನಿಸಿದ್ದೆ. ಮೂರು ವರ್ಷ ಸಿವಿಲ್ ಎಂಜಿನಿಯರಿಂಗ್ ಓದಿದವಳಿಗೆ ಒಬ್ಬ ಅಪ್ಪನನ್ನು ಒಪ್ಪಿಸಲು ಆಗೋದಿಲ್ಲವೇ? ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದೆ. ರೈಲಿಗೆ ಇಷ್ಟು, ರೂಮಿಗೆ ಇಷ್ಟು, ಊಟಕ್ಕೆ ಇಷ್ಟು. ಇಬ್ಬರಿಗೆ ಮೂರು ದಿನಕ್ಕೆ ಹೆಚ್ಚೆಂದರೆ 6,000 ರೂಪಾಯಿ. ಪಕ್ಕದ ಕಾಲಂನಲ್ಲಿ ಕಳೆದ ವರ್ಷದ ಧರ್ಮಸ್ಥಳದ ಖರ್ಚು. ಎರಡಕ್ಕೂ ವ್ಯತ್ಯಾಸ 800 ರೂಪಾಯಿ ಅಷ್ಟೇ. ಗೋಲಗುಂಬಜ್ ಎಕ್ಸ್‌ಪ್ರೆಸ್ ನಮ್ಮ ಬೀರೂರಿನ ಮೇಲೆಯೇ ಹೋಗುತ್ತದೆ, ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ವಿಜಯಪುರ ಅಂತ ದಪ್ಪ ಅಕ್ಷರದಲ್ಲಿ ಬರೆದೆ.

ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದ. ‘ಚೆನ್ನಾಗ್ ಮಾಡಿದೀಯ’ ಅಂದ. ಆಮೇಲೆ ಕನ್ನಡಕ ತೆಗೆದು, ‘ಅಲ್ಲೇನಿದೆ ಅಂತ ಅಷ್ಟು ದೂರ ಹೋಗೋದು?’

ಮುಂದಿನ ನಾಲ್ಕು ದಿನ ಕಾರಣಗಳ ಮೆರವಣಿಗೆ. ಅಲ್ಲಿ ಬಿಸಿಲು. (ಜನವರಿಯಲ್ಲಿ!) ಮುದ್ದೆ ಸಿಗೋದಿಲ್ಲ. ಹಸುಗಳನ್ನು ಯಾರು ನೋಡ್ತಾರೆ? ಎಲ್ಲಕ್ಕಿಂತ ಮಜವಾದ ಕಾರಣ ಇತಿಹಾಸದಿಂದ ಬಂತು. ನಮ್ಮೂರ ಹೆಸರು ಬುಕ್ಕರಾಯನಿಂದ ಬಂದದ್ದು ಅಂತ ಊರಿನಲ್ಲಿ ಹೇಳುತ್ತಾರೆ. ಅಂಬುಧಿ ಅಂದರೆ ಸಮುದ್ರ, ಅಂದರೆ ಬುಕ್ಕನ ಹೆಸರಿನ ಸಮುದ್ರದಂಥ ಕೆರೆ. ‘1565ರಲ್ಲಿ ವಿಜಯನಗರ ಹಾಳು ಮಾಡಿದವರ ಜೊತೆ ಬಿಜಾಪುರದೋರೂ ಇದ್ರಲ್ವಾ? ಬುಕ್ಕನ ಊರಿನವನು ಅಲ್ಲಿಗೆ ಹೋಗಿ ಏನು ಮಾಡ್ಲಿ?’ ಅಂದ ಅಪ್ಪ. ಅಜ್ಜಿ ಕೂಡ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು.

ನಗದಿದ್ದವಳು ಅಮ್ಮ ಒಬ್ಬಳೇ. ‘ಸರಿ ಬಿಡಿ. ಶಕ್ತಿ ಯೋಜನೆ ಬಂದಮೇಲೆ ಸಂಘದ ಹೆಂಗಸರೆಲ್ಲ ಬಸ್ಸಲ್ಲಿ ಎಲ್ಲೆಲ್ಲೋ ಹೋಗ್ ಬಂದ್ರು. ಆಧಾರ್ ಕಾರ್ಡ್ ತೋರ್ಸಿದ್ರೆ ಸಾಕು, ಟಿಕೆಟ್ಟಿಗೆ ದುಡ್ಡೂ ಬೇಡ. ನಾನೂ ಅವ್ರ ಜೊತೆ ಹೋಗ್ತೀನಿ ರೀ’ ಅಂದಳು. ದನಿ ಏರಿಸಲಿಲ್ಲ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಈ ಅಸ್ತ್ರ ಕೆಲಸ ಮಾಡಿತು ಅಂತ ನಾನು ಒಳಗೊಳಗೇ ಕುಣಿದೆ. ಆದರೆ ಅಪ್ಪನ ಮುಖ ನೋಡಿದಾಗ ಅದು ಬೇರೆ ಕಡೆಗೇ ತಾಗಿದೆ ಅನ್ನಿಸಿತು. ಅವತ್ತು ರಾತ್ರಿ ಅಪ್ಪ ಅರ್ಧ ಮುದ್ದೆ ಬಿಟ್ಟ.

ಮರುದಿನ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಕೇಳಿದೆ. ಆಗ ಗೊತ್ತಾದದ್ದು ಇದು. ಮದುವೆಯಾದ ಹೊಸತರಲ್ಲಿ ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದನಂತೆ. ಲಾಲ್‌ಬಾಗ್, ವಿಧಾನಸೌಧ ತೋರಿಸುತ್ತೇನೆ ಅಂತ. ಮೆಜೆಸ್ಟಿಕ್‌ನಲ್ಲಿ ಹತ್ತಿದ ಆಟೊ ಸುತ್ತಿಸಿ ಸುತ್ತಿಸಿ ಎಲ್ಲಿಗೋ ಕರೆದೊಯ್ದು ಬಾಯಿಗೆ ಬಂದಷ್ಟು ಕೇಳಿತು. ಜೇಬಿಗೆ ಕೈ ಹಾಕಿದರೆ ಪರ್ಸೇ ಇಲ್ಲ, ನೂಕುನುಗ್ಗಲಿನಲ್ಲಿ ಯಾರೋ ಎಗರಿಸಿದ್ದರು. ಗೊತ್ತಿಲ್ಲದ ಊರು, ರಸ್ತೆ ಬದಿ, ಪಕ್ಕದಲ್ಲಿ ಹೊಸ ಹೆಂಡತಿ. ಅಮ್ಮ ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದ ದುಡ್ಡಿನಲ್ಲಿ ಇಬ್ಬರೂ ಊರಿಗೆ ವಾಪಸ್. ಲಾಲ್‌ಬಾಗ್ ನೋಡಲೇ ಇಲ್ಲ.

‘ದುಡ್ಡು ಹೋಗಿದ್ದಕ್ಕಲ್ಲ ಕಣೆ. ನನ್ನೆದುರಿಗೆ ಹಂಗಾಯ್ತಲ್ಲ ಅಂತ. ಅವತ್ತಿಂದ ಗೊತ್ತಿರೋ ಊರು ಬಿಟ್ಟು ಬೇರೆ ಕಡೆ ನನ್ನ ಕರ್ಕೊಂಡು ಹೋಗಿಲ್ಲ’ ಅಂದಳು ಅಮ್ಮ, ರೊಟ್ಟಿ ತಿರುವಿ ಹಾಕುತ್ತಾ.

ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ. ಅಪ್ಪ ಕೇಳುತ್ತಿದ್ದುದು ‘ಅಲ್ಲೇನಿದೆ’ ಅಂತ. ಅವನೊಳಗಿದ್ದ ಪ್ರಶ್ನೆ ‘ಅಲ್ಲಿ ನನ್ನ ಮಾನ ಉಳಿಯುತ್ತಾ’ ಅನ್ನೋದು. ನಾನು ಹೊರಗಿನ ಪ್ರಶ್ನೆಗೆ ಉತ್ತರ ಬರೆಯುತ್ತಾ ಕೂತಿದ್ದೆ. ಪರೀಕ್ಷೆಯಲ್ಲಾದರೆ ಸೊನ್ನೆ.

ಅಲ್ಲಿಂದ ಮುಂದೆ ‘ಹೋಗಿ’ ಅನ್ನುವುದನ್ನೇ ನಾವು ಬಿಟ್ಟುಬಿಟ್ಟೆವು. ಒಂದು ಸಂಜೆ ಅಪ್ಪ ತೋಟದಲ್ಲಿ ಪೈಪ್ ಎಳೆಯುತ್ತಿದ್ದಾಗ ನಾನು ನೀರಿನ ಮಾತು ತೆಗೆದೆ. ವಿಜಯಪುರ ಮಳೆ ಕಡಿಮೆ ಬೀಳುವ ಬಯಲು ನಾಡು. ಆದಿಲ್‌ಶಾಹಿಗಳ ಕಾಲದಲ್ಲಿ ಅಲ್ಲಿ ದೊಡ್ಡ ರಾಜಧಾನಿಯೇ ಇತ್ತು. ಅಷ್ಟು ಜನಕ್ಕೆ ನೀರು ಕೊಟ್ಟದ್ದು ಹೇಗೆ? ತೊರವಿ ಕಡೆಯಿಂದ ನೆಲದಡಿಯ ಸುರಂಗದಲ್ಲಿ ಊರೊಳಗೆ ನೀರು ತಂದರು. 1620ರಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ತಾಜ್ ಬಾವಡಿ ಅನ್ನುವ ಭಾರಿ ಬಾವಿ ಕಟ್ಟಿದರು. 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಊರ ಹೊರಗೆ ಬೇಗಂ ತಲಾಬ್ ಕೆರೆ ಮಾಡಿಸಿ, ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಸಿದ.

ಅಪ್ಪ ಪೈಪ್ ಕೆಳಗಿಟ್ಟ. ‘ಮಣ್ಣಿನ ಕೊಳವೇನಾ? ಪ್ರೆಷರ್‌ಗೆ ಒಡೆಯಲ್ವಾ?’

ಇದೇ ಬೇಕಿತ್ತು ನನಗೆ. ಅದಕ್ಕೇ ದಾರಿಯುದ್ದಕ್ಕೂ ಗಂಜ್ ಅನ್ನುವ ಕಲ್ಲಿನ ಗೋಪುರಗಳನ್ನು ಕಟ್ಟಿದರು. ಎತ್ತರದ ಕೆರೆಯಿಂದ ಇಳಿದು ಬರುವ ನೀರು ಕೊಳವೆಯಲ್ಲಿ ಒತ್ತಡ ಕಟ್ಟುತ್ತಾ ಹೋಗುತ್ತದೆ. ಗೋಪುರದೊಳಗೆ ಮೇಲೇರಿ ತೆರೆದ ಗಾಳಿಗೆ ಬಂದಾಗ ಆ ಒತ್ತಡ ಇಳಿಯುತ್ತದೆ. ಜೊತೆಗೆ ಹೂಳು ತಳಕ್ಕೆ ಕೂತು ತಿಳಿನೀರು ಮುಂದಿನ ಕೊಳವೆಗೆ ಹೋಗುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಷ್ಟೇ. ಆ ಗಂಜ್‌ಗಳಲ್ಲಿ ಕೆಲವು ಈಗಲೂ ನಿಂತಿವೆ.

ಅಪ್ಪ ತುಂಬ ಹೊತ್ತು ಸುಮ್ಮನಿದ್ದ. ನಮ್ಮ ತೋಟಕ್ಕೆ ತ್ರೀ ಫೇಸ್ ಕರೆಂಟ್ ಬರುವುದು ಅರ್ಧ ರಾತ್ರಿ. ಅದಕ್ಕಾಗಿ ಟಾರ್ಚ್ ಹಿಡಿದು ಎದ್ದು ಹೋಗುವವನಿಗೆ ಕರೆಂಟಿಲ್ಲದೆ ಊರಿಗೇ ನೀರು ಕೊಟ್ಟ ಸುದ್ದಿ ಸಣ್ಣದಾಗಿರಲಿಲ್ಲ. ‘ಅದನ್ನ ನೋಡಬೌದಾ?’ ಅಂದ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ತನ್ನ ಪಾಲಿನ ಮಾತು ಸೇರಿಸಿದಳು. ‘ನೀವು ಮೊಬೈಲಲ್ಲಿ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಕೇಳ್ತೀರಲ್ಲ, ಅವ್ರ ಜ್ಞಾನಯೋಗಾಶ್ರಮ ಇರೋದು ಅಲ್ಲೇ ಅಲ್ವೇನ್ರೀ? ಅಲ್ಲಿಗೆ ಮೊದ್ಲು ಹೋಗಿ ಬರೋಣ. ಎಲ್ಲಿಗೆ ಹೋಗ್ಬೇಕು, ಎಷ್ಟೊತ್ತಿಗೆ ಹೋಗ್ಬೇಕು, ನೀವೇ ಹೇಳಿ. ಗುಂಬಜ್ ಒಂದು ಸಲ ತೋರಿಸಿದ್ರೆ ನಂಗೆ ಸಾಕು.’ ಒಂದು ನಿಮಿಷ ಬಿಟ್ಟು, ‘ಅಲ್ಲೂ ಕನ್ನಡಾನೇ ರೀ ಮಾತಾಡೋದು’ ಅಂದಳು. ಬೆಂಗಳೂರಿನ ಹೆಸರೇ ಎತ್ತಲಿಲ್ಲ. ಆದರೆ ಅಪ್ಪನಿಗೆ ತಿಳಿಯಿತು ಅಂತ ಕಾಣುತ್ತದೆ.

ಉಳಿದದ್ದು ಒಂದೇ ತೊಡಕು. ತೋಟ. ಮೊಬೈಲ್ ಸ್ಟಾರ್ಟರ್ ಹಾಕಿಸಬಹುದು ಅಂದೆ. ‘ಪೈಪ್ ಒಡೆದ್ರೆ ಮೊಬೈಲ್ ಹೋಗಿ ಕಟ್ಟುತ್ತಾ?’ ಅಂದ ಅಪ್ಪ. ಸರಿಯಾದ ಮಾತೇ. ‘ಹಂಗಾದ್ರೆ ನಾನು ನೋಡ್ಕೋತೀನಿ. ಹಸುಗೆ ಅಜ್ಜಿ ಇದ್ದಾಳೆ, ಪಕ್ಕದ ಮನೇಲಿ ಚಿಕ್ಕಪ್ಪ ಇದ್ದಾನೆ’ ಅಂದೆ. ‘ರಾತ್ರಿ ಹೊತ್ತು ನೀನಾ?’ ಅಂದ. ಅಮ್ಮನನ್ನು ಪ್ರವಾಸಕ್ಕೆ ಕಳಿಸದ ತಾತನ ಕಥೆ ಆಗ ಎಲ್ಲರಿಗೂ ನೆನಪಾಗಿರಬೇಕು. ಅಪ್ಪ ಅಮ್ಮನ ಮುಖ ನೋಡಿದ. ಆಮೇಲೆ ನನ್ನನ್ನು ತೋಟಕ್ಕೆ ಕರೆದೊಯ್ದು ಯಾವ ಗೇಟ್ ವಾಲ್ವ್ ಮೊದಲು, ಯಾವುದು ಆಮೇಲೆ ಅಂತ ಎರಡೆರಡು ಸಲ ತೋರಿಸಿದ. ನನ್ನ ಪ್ರಕಾರ ಒಪ್ಪಿಗೆಗೆ ಸಹಿ ಬಿದ್ದದ್ದು ಅಲ್ಲಿ.

ಬೀರೂರಿನ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರನ್ನೂ ಹತ್ತಿಸಿದಾಗ ಅಪ್ಪ ಬ್ಯಾಗನ್ನು ಎದೆಗವಚಿಕೊಂಡಿದ್ದ. ದುಡ್ಡನ್ನು ಮೂರು ಕಡೆ ಹಂಚಿಟ್ಟಿದ್ದ. ಅಮ್ಮ ಹೊಸ ಸೀರೆಯ ಸೆರಗಿನ ತುದಿಗೂ ಒಂದು ಗಂಟು ಹಾಕಿಕೊಂಡಿದ್ದಳು.

ಬೆಳಗ್ಗೆ ಮೊದಲ ಫೋನ್ ಆಲಮಟ್ಟಿ ಹತ್ತಿರದಿಂದ. ‘ನೀರು ನೋಡು ಮಗಳೇ, ಕೃಷ್ಣಾ ನದಿ, ಸಮುದ್ರ ಇದ್ದಂಗಿದೆ!’ ಅಂತ ರೈಲಿನ ಸದ್ದಿನ ಮೇಲೆ ಅಪ್ಪ ಕಿರುಚುತ್ತಿದ್ದ. ಮಧ್ಯಾಹ್ನ ಇನ್ನೊಂದು. ‘ಇಲ್ಲಿ ಆಟೊ ಹತ್ಲಿಲ್ಲ. ಟಾಂಗಾ ಹಿಡಿದೆ. ನಾನೇ ಮಾತಾಡಿ ರೇಟು ಇಳಿಸಿದೆ.’ ಆ ‘ನಾನೇ’ ಅನ್ನುವುದರಲ್ಲಿ 23 ವರ್ಷದ ಬಾಕಿ ಇತ್ತು. ಸಂಜೆ ಮತ್ತೊಂದು. ‘ಇಲ್ಲಿ ಮುದ್ದೆ ಇಲ್ಲ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತೊಂದ್ರೆ ಇಲ್ಲ. ಇಲ್ಲಿ ಎಲ್ರೂ ಮಾತಿಗೊಂದು ರೀ ಅಂತಾರೆ ಕಣೆ, ನಿಮ್ಮಮ್ಮನ ಥರ!’

ಇತ್ತ ನನ್ನ ಕಥೆ ಬೇರೆ. ಮೊದಲ ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆದಾಗ ಚಳಿಗೆ ಎದ್ದೇಳಲಾಗದೆ ಅಳು ಬಂತು. ಎರಡನೇ ರಾತ್ರಿ ಪೈಪ್ ಒಡೆಯಿತು. ವಾಲ್ವ್ ಮುಚ್ಚಿ, ಹಳೇ ಸೈಕಲ್ ಟ್ಯೂಬ್ ಸುತ್ತಿ ಬಿಗಿದು ಕಟ್ಟುವಷ್ಟರಲ್ಲಿ ಪೂರ್ತಿ ಒದ್ದೆ. ದೂರದಲ್ಲಿ ಶಿವನಿ ಕಡೆಯಿಂದ ರೈಲಿನ ಕೂಗು ಕೇಳಿತು. ಅಪ್ಪ ಇಷ್ಟು ವರ್ಷ ಹೀಗೇ ಅಡಿಕೆ ಮರಗಳ ನಡುವೆ ನಿಂತು ಆ ಕೂಗನ್ನು ಕೇಳಿಸಿಕೊಂಡಿದ್ದಾನೆ. ಎಲ್ಲಿಗೂ ಬರಲ್ಲ ಅನ್ನುವವರ ಕಾಲು ಎಲ್ಲಿ ಸಿಕ್ಕಿಕೊಂಡಿದೆ ಅಂತ ತಿಳಿಯಲು ಒಮ್ಮೆ ಅವರ ಜಾಗದಲ್ಲಿ ನಿಲ್ಲಬೇಕು. ಪೈಪ್ ಒಡೆದ ವಿಷಯ ಅವರು ವಾಪಸ್ ಬರುವ ತನಕ ಹೇಳಲಿಲ್ಲ.

ಮೂರನೇ ದಿನ ಬೆಳಗ್ಗೆ, ಗಲಾಟೆ ಶುರುವಾಗುವ ಮೊದಲೇ ಇಬ್ಬರೂ ಗೋಲಗುಂಬಜ್ ಹತ್ತಿದರಂತೆ. ಮೂಲೆಯ ಗೋಪುರದ ಕಿರಿದಾದ ಮೆಟ್ಟಿಲು, ಏಳು ಅಂತಸ್ತು. ಅಮ್ಮನ ಮಂಡಿ ನೋವಿಗೆ ಅಂತಸ್ತಿಗೊಮ್ಮೆ ಕೂತು ಕೂತು. ಮೇಲೆ ಗುಮ್ಮಟದ ಒಳಗೆ ಸುತ್ತಲೂ ಇರುವ ಮೊಗಸಾಲೆಯಲ್ಲಿ ಅಪ್ಪ ಒಂದು ಕಡೆ, ಅಮ್ಮ ಎದುರು ಕಡೆ. ನಡುವೆ ಸುಮಾರು 38 ಮೀಟರ್ ಬಯಲು, ಒಂದೂ ಕಂಬವಿಲ್ಲ. ಪಿಸುಮಾತು ಆ ಬಯಲನ್ನು ಹಾರಿ ಬರುವುದಿಲ್ಲ, ದುಂಡಗಿನ ಗೋಡೆಯನ್ನು ಸವರಿಕೊಂಡೇ ಸುತ್ತಿ ಬರುತ್ತದೆ. ಸರ್ ಸಿ.ವಿ. ರಾಮನ್ ಕೂಡ ಇಂಥ ಪಿಸುಗುಟ್ಟುವ ಮೊಗಸಾಲೆಗಳನ್ನು ಅಧ್ಯಯನ ಮಾಡಿದ್ದರು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ ಅಪ್ಪ ಗೋಡೆಗೆ ಬಾಯಿಟ್ಟು ಏನೋ ಹೇಳಿದ. ಅಮ್ಮ ಕಿವಿಯಿಟ್ಟು ಕೇಳಿಸಿಕೊಂಡಳು.

ಬೀರೂರಿನಲ್ಲಿ ಇಳಿದವರ ಕೈಯಿಂದ ಬ್ಯಾಗ್ ತೆಗೆದುಕೊಂಡು ನಾನು ಕೇಳಿದ ಮೊದಲ ಪ್ರಶ್ನೆ ಅದೇ. ‘ಏನು ಹೇಳಿದೆ ಅಪ್ಪಾ?’

‘ಏನಿಲ್ಲ, ಹಸುಗೆ ಹಿಂಡಿ ಹಾಕಿದ್ರೋ ಇಲ್ವೋ ಅಂದೆ’ ಅಂದ.

ಅಮ್ಮನ ಕಡೆ ತಿರುಗಿದೆ. ಅವಳು ಸೆರಗಿನ ಗಂಟು ಬಿಚ್ಚುತ್ತಿದ್ದಳು. ಹಾಕಿಟ್ಟುಕೊಂಡಿದ್ದ ದುಡ್ಡು ಹಾಗೇ ಇತ್ತು. ‘ಅದು ಬರೀ ನಂಗೆ ಕೇಳಿದ್ದು’ ಅಂದಳು.

ಮುಂದಿನ ವರ್ಷ ಎಲ್ಲಿಗೆ ಅಂತ ಅಮ್ಮ ಇನ್ನೂ ಬಾಯಿ ಬಿಟ್ಟಿಲ್ಲ. ಆದರೆ ಮೊನ್ನೆ ಹಾಸ್ಟೆಲಿಗೆ ಅಪ್ಪನ ಫೋನ್ ಬಂದಿತ್ತು. ‘ಬೀದರ್‌ನಲ್ಲೂ ನೆಲದಡಿ ನೀರಿನ ಸುರಂಗ ಇದೆಯಂತೆ ಹೌದಾ? ಆ ಲೆಕ್ಕದ ಶೀಟು ಮಾಡಿದ್ಯಲ್ಲ, ಹಂಗೇ ಇದಕ್ಕೂ ಒಂದು ಮಾಡು ನೋಡಣ.’